ಲಂಕೆಯ ವ್ಯಾಪಾರ, ನಮ್ಮ ಅಟ್ಟದ ಅಡಿಕೆ

ಚಾಲಿ ಸುಲಿದು, ಚೀಲ ಕಟ್ಟಿ, ಅಟ್ಟಕ್ಕೇರಿಸಿದ ಮೇಲೆ ಅದನ್ನು ಯಾವಾಗ ಇಳಿಸಬೇಕೆಂಬುದು ತೋಟಿಗನಿಗೆ ವರ್ಷದ ದೊಡ್ಡ ಚಿಂತೆ. ಮಗಳ ಮದುವೆಯೋ, ಸಂಘದ ಸಾಲದ ಗಡುವೋ, ಮಾಡಿನ ಹಂಚು ಹೊದೆಸುವ ಕೆಲಸವೋ ಎದುರಿಗೆ ನಿಂತಿರುತ್ತದೆ. ಸರಿಯಾಗಿ ಅಂಥ ಹೊತ್ತಿಗೇ ಯಲ್ಲಾಪುರದ ಕಡೆಯಿಂದಲೋ ಶಿರಸಿಯ ಕಡೆಯಿಂದಲೋ ಒಂದು ಸುದ್ದಿ ನಮ್ಮ ಅಣಶಿಯವರೆಗೂ ಬಂದು ಮುಟ್ಟುತ್ತದೆ: ಲಂಕೆಯ ಮಾಲು ಬಂದಿದೆಯಂತೆ, ಧಾರಣೆ ಕುಸಿಯುತ್ತದಂತೆ. ಸುದ್ದಿ ತಂದವರು ಲಂಕೆಯನ್ನು ಕಂಡವರಲ್ಲ, ಮಾಲನ್ನೂ ಕಂಡವರಲ್ಲ. ಆದರೂ ಎರಡು ದಿನದೊಳಗೆ ನಾಲ್ಕು ಮನೆಯ ಅಡಿಕೆ ಅಟ್ಟದಿಂದ ಇಳಿದಿರುತ್ತದೆ. ನಾವೂ ಒಂದು ವರ್ಷ ಹೀಗೆ ಇಳಿಸಿದವರೇ. ಒಂದೂವರೆ ತಿಂಗಳಿಗೆ ಧಾರಣೆ ಏರಿದಾಗ ಹಣೆ ಚಚ್ಚಿಕೊಂಡವರೇ.

ಆ ನಷ್ಟದ ಮೇಲೆ ನಮಗೊಂದು ಹಟ ಹತ್ತಿತು. ನಮ್ಮ ಜಗಲಿಯ ಮಾತಿನಲ್ಲಿ ಇಷ್ಟು ದೊಡ್ಡದಾಗಿ ಕಾಣುವ ಈ ಲಂಕೆ ಏನು ಬೆಳೆಯುತ್ತದೆ, ಏನು ಮಾರುತ್ತದೆ, ಏನು ಕೊಳ್ಳುತ್ತದೆ, ಅದರ ವ್ಯಾಪಾರದ ಗಾಳಿ ಯಾವ ಕಡೆ ಬೀಸಿದರೆ ನಮ್ಮ ಅಡಿಕೆ ಮರಕ್ಕೆ ತಾಗುತ್ತದೆ ಎಂಬುದನ್ನು ತಿಳಿಯಬೇಕೆಂದು ಕುಳಿತೆವು. ತಿಳಿದಷ್ಟನ್ನು ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇವೆ. ಇದರಲ್ಲಿ ಕಾಫಿಯವರಿಗೂ ಸಂಬಂಧಪಟ್ಟ ಸಂಗತಿ ಇದೆ.

ಒಂದೇ ಬಾಗಿಲಿನ ಮನೆ

ಶ್ರೀಲಂಕೆಯ ವಿಸ್ತಾರ 65,610 ಚದರ ಕಿಲೋಮೀಟರು. ನಮ್ಮ ಕರ್ನಾಟಕದ ಮೂರನೆಯ ಒಂದು ಪಾಲು ಎಂದರೆ ಹೆಚ್ಚು ತಪ್ಪಾಗದು. ಜನಸಂಖ್ಯೆ ಎರಡು ಕೋಟಿಗೆ ತುಸು ಮೇಲೆ. ಇಂಥ ಮನೆಯಲ್ಲಿ ಪೆಟ್ರೋಲು ಇಲ್ಲ, ಗೋಧಿ ಇಲ್ಲ, ಕಬ್ಬಿಣ ಇಲ್ಲ, ಔಷಧದ ಬಹುಪಾಲು ಹೊರಗಿನಿಂದಲೇ ಬರಬೇಕು. ಬಟ್ಟೆ ಹೊಲಿದು ಮಾರುವುದೇ ಅವರ ದೊಡ್ಡ ಉದ್ಯೋಗ, ಆದರೆ ಆ ಬಟ್ಟೆಯ ಥಾನೂ ಹೊರಗಿನದೇ. ಏನು ಬರುವುದಿದ್ದರೂ ಸಮುದ್ರ ದಾಟಿಯೇ ಬರಬೇಕು, ಬಂದದ್ದಕ್ಕೆಲ್ಲ ಡಾಲರಿನಲ್ಲಿ ಹಣ ತೆರಬೇಕು.

ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. 2021ರ ಜುಲೈ ಮಳೆಗೆ ಅಣಶಿ ಘಟ್ಟದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದಾಗ ಕದ್ರಾಕ್ಕೆ ಇಳಿಯಬೇಕಾದವರು ಎಷ್ಟು ಸುತ್ತಬೇಕಾಯಿತು, ಕಾರವಾರದಿಂದ ಬರಬೇಕಾದ ಸಾಮಾನಿನ ದರ ಏನಾಯಿತು ಎಂಬುದು ನೆನಪಿರಬೇಕು. ನಮಗಾದರೂ ಜೋಯಿಡಾದ ಕಡೆ ಇನ್ನೊಂದು ದಾರಿಯಿತ್ತು. ದ್ವೀಪಕ್ಕೆ ದಾರಿಯೇ ಹಡಗು, ಹಡಗಿಗೆ ಟಿಕೇಟೇ ಡಾಲರು. ಡಾಲರು ಮುಗಿಯಿತೆಂದರೆ ಗುಡ್ಡ ಕುಸಿದಂತೆಯೇ.

ಆದ್ದರಿಂದ ಲಂಕೆಯ ವಿದೇಶೀ ವ್ಯಾಪಾರದ ಚರಿತ್ರೆಯನ್ನು ಓದುವಾಗ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡರೆ ಸಾಕೆಂದು ನಮಗೆ ತೋರಿತು: ಈ ಕಾಲದಲ್ಲಿ ಡಾಲರನ್ನು (ಹಿಂದಾದರೆ ಪೌಂಡನ್ನು) ಅವರು ಎಲ್ಲಿಂದ ತಂದರು?

ಕಾಫಿಯ ಲಂಕೆ

ಇಂದು ಸಿಲೋನ್ ಎಂದರೆ ಚಹಾ. ಆದರೆ ನೂರೈವತ್ತು ವರ್ಷದ ಹಿಂದೆ ಸಿಲೋನ್ ಎಂದರೆ ಕಾಫಿ. ಕ್ಯಾಂಡಿಯ ಸುತ್ತಲಿನ ಗುಡ್ಡಗಳ ಕಾಡು ಕಡಿದು ಇಂಗ್ಲಿಷ್ ದೊರೆಗಳು ಹಚ್ಚಿದ ಕಾಫಿ 1870ರ ಸುಮಾರಿಗೆ ವರ್ಷಕ್ಕೆ ಹತ್ತಿರ ಹತ್ತಿರ 50 ಸಾವಿರ ಟನ್ ಹೊರಕ್ಕೆ ಹೋಗುತ್ತಿತ್ತು. ಜಗತ್ತಿನ ದೊಡ್ಡ ಕಾಫಿ ನಾಡುಗಳ ಸಾಲಿನಲ್ಲಿ ಆ ಪುಟ್ಟ ದ್ವೀಪ ನಿಂತಿತ್ತು. ಬಂದರು, ರೈಲು, ಬ್ಯಾಂಕು, ತಮಿಳುನಾಡಿನಿಂದ ನಡೆದು ಹೋದ ಕೂಲಿಯವರ ಹೊಟ್ಟೆ, ಎಲ್ಲವೂ ಒಂದೇ ಗಿಡದ ಮೇಲೆ ನಿಂತಿದ್ದವು.

1869ರಲ್ಲಿ ಆ ಗಿಡದ ಎಲೆಯ ಅಡಿಭಾಗದಲ್ಲಿ ಕಿತ್ತಳೆ ಬಣ್ಣದ ಪುಡಿ ಕಾಣಿಸಿಕೊಂಡಿತು. ಎಲೆತುಕ್ಕು ರೋಗವನ್ನು ವಿಜ್ಞಾನಿಗಳು ಮೊದಲು ವರ್ಣಿಸಿ ಹೆಸರಿಟ್ಟದ್ದು ಸಿಲೋನಿನಿಂದ ಹೋದ ಎಲೆಗಳನ್ನು ನೋಡಿಯೇ. ಹೆಮಿಲಿಯಾ ವಾಸ್ಟಾಟ್ರಿಕ್ಸ್ ಎಂಬ ಆ ಹೆಸರು ನಾಲಿಗೆಗೆ ಒಗ್ಗದೆ ಅಲ್ಲಿಯ ದೊರೆಗಳು ಅದನ್ನು ‘ಡಿವಾಸ್ಟೇಟಿಂಗ್ ಎಮಿಲಿ’, ಅಂದರೆ ಹಾಳುಮಾಡುವ ಎಮಿಲಿ, ಎಂದು ಕರೆದರಂತೆ. ಮೊದಲ ಕೆಲವು ವರ್ಷ ಕಾಫಿಯ ಬೆಲೆ ಏರುತ್ತಲೇ ಇದ್ದುದರಿಂದ ರೋಗ ಯಾರ ಕಣ್ಣಿಗೂ ದೊಡ್ಡದಾಗಿ ಕಾಣಲಿಲ್ಲ. ಇಳುವರಿ ಕಡಿಮೆಯಾದಷ್ಟೂ ಹೊಸ ಕಾಡು ಕಡಿದು ಹೊಸ ಗಿಡ ಹಚ್ಚಿದರು. 1880ರಲ್ಲಿ ಮಾರ್ಷಲ್ ವಾರ್ಡ್ ಎಂಬ ತರುಣ ಸಸ್ಯವಿಜ್ಞಾನಿ ಹೋಗಿ ಪರೀಕ್ಷಿಸಿ ರೋಗ ಗಾಳಿಯಲ್ಲಿ ಹರಡುವ ಬೀಜಕಣದಿಂದ ಬರುತ್ತದೆಂದು ತೋರಿಸಿಕೊಟ್ಟನಾದರೂ ಆಗಲೇ ಹೊತ್ತು ಮೀರಿತ್ತು. 1884ರಲ್ಲಿ ಕಾಫಿ ತೋಟಗಳಿಗೆ ಸಾಲ ಕೊಟ್ಟಿದ್ದ ಓರಿಯೆಂಟಲ್ ಬ್ಯಾಂಕೇ ಬಾಗಿಲು ಹಾಕಿತು. ಶತಮಾನ ಮುಗಿಯುವುದರೊಳಗೆ ಸಿಲೋನಿನ ಕಾಫಿ ರಫ್ತು ಹೇಳಹೆಸರಿಲ್ಲದಂತಾಯಿತು.

ಜೇಮ್ಸ್ ಟೇಲರ್ ಎಂಬವನು ಲೂಲ್‌ಕಂಡೇರ ತೋಟದಲ್ಲಿ 1867ರಲ್ಲೇ ಚಹಾ ಹಚ್ಚಿ ನೋಡಿದ್ದ. ಕಾಫಿ ಸತ್ತ ಜಾಗದಲ್ಲೆಲ್ಲ ಆ ಚಹಾ ಎದ್ದು ನಿಂತಿತು. ದ್ವೀಪ ಬದುಕಿತು, ಆದರೆ ಒಂದು ಗಿಡದಿಂದ ಇನ್ನೊಂದು ಗಿಡಕ್ಕೆ ಜೋತುಬಿದ್ದು ಬದುಕಿತು.

ಅಡಿಕೆಯ ನಡುವೆ ರೋಬಸ್ಟಾ ಹಚ್ಚಿದವರು, ಹಚ್ಚಬೇಕೆಂದಿರುವವರು ನಮ್ಮಲ್ಲಿ ಇದ್ದಾರೆ. ದಕ್ಷಿಣ ಭಾರತಕ್ಕೆ ರೋಬಸ್ಟಾ ಬಂದದ್ದೇ ಈ ತುಕ್ಕಿನ ಕಾರಣಕ್ಕೆ ಎಂಬುದನ್ನು ಅವರು ತಿಳಿದಿರಲಿ. ಸಿಲೋನಿನ ರೋಗ ಬೇಗನೆ ಮೈಸೂರು ಸೀಮೆಯ ಅರೇಬಿಕಾಕ್ಕೂ ತಗುಲಿತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ತೆರೆದದ್ದಕ್ಕೂ, ಅಲ್ಲಿಂದ ಮುಂದೆ ಎಸ್. 795 ತಳಿ ಬಂದದ್ದಕ್ಕೂ ಹಿಂದೆ ಇದ್ದುದು ಇದೇ ಎಮಿಲಿ.

ಮುಚ್ಚಿದ ಬಾಗಿಲು, ತೆರೆದ ಬಾಗಿಲು

1948ರ ಫೆಬ್ರವರಿ 4ರಂದು ಸ್ವತಂತ್ರವಾದಾಗ ಚಹಾ, ರಬ್ಬರು, ತೆಂಗು ಈ ಮೂರೇ ಸೇರಿ ಅದರ ರಫ್ತಿನ ಆದಾಯದಲ್ಲಿ ಶೇಕಡಾ 90ಕ್ಕೂ ಹೆಚ್ಚನ್ನು ತರುತ್ತಿದ್ದವು. ಅನ್ನ ಮಾತ್ರ ಹೊರಗಿನದು. 1952ರಲ್ಲಿ ಅಕ್ಕಿ ಸಿಗದೆ ಪರದಾಡಿದಾಗ ಚೀನಾದೊಂದಿಗೆ ಒಪ್ಪಂದ ಮಾಡಿಕೊಂಡು ರಬ್ಬರು ಕೊಟ್ಟು ಅಕ್ಕಿ ತಂದರು. ನಮ್ಮಲ್ಲಿ ಹಿಂದೆ ಅಡಿಕೆ ಹೊತ್ತು ಘಟ್ಟ ಇಳಿದು ಉಪ್ಪು, ಒಣಮೀನು ತರುತ್ತಿದ್ದ ರೀತಿಯದೇ ವ್ಯಾಪಾರ, ಹಡಗಿನ ಅಳತೆಯಲ್ಲಿ.

1970ರಿಂದ 1977ರವರೆಗೆ ಸಿರಿಮಾವೋ ಬಂಡಾರನಾಯಕೆಯವರ ಸರಕಾರ ಆಮದಿನ ಬಾಗಿಲನ್ನು ಬಿಗಿಯಾಗಿ ಹಾಕಿತು. ಪೇಟೆಯ ಜನ ಪಡಿತರದ ಸಾಲಿನಲ್ಲಿ ನಿಂತು ಬೈದುಕೊಂಡರು. ಆದರೆ ಉತ್ತರದ ಜಾಫ್ನಾದಲ್ಲಿ ಬಾವಿಯ ನೀರೆತ್ತಿ ಒಣಮೆಣಸು, ಈರುಳ್ಳಿ ಬೆಳೆಯುವ ರೈತನಿಗೆ ಅವು ಬಂಗಾರದ ವರ್ಷಗಳಾದವು. 1977ರಲ್ಲಿ ಜಯವರ್ಧನೆಯವರು ಗೆದ್ದು ಬಾಗಿಲು ತೆರೆದರು. ಹೊರಗಿನ ಮೆಣಸು, ಈರುಳ್ಳಿ ಬಂದಿಳಿಯಿತು. ಪಟ್ಟಣದಲ್ಲಿ ಸಾಮಾನು ಹೇರಳವಾಯಿತು, ಜಾಫ್ನಾದ ರೈತನ ಧಾರಣೆ ನೆಲಕಚ್ಚಿತು. ಆಮದಿನ ನೀತಿ ಒಂದೇ ಆದರೂ ಅದು ಕೊಳ್ಳುವವನಿಗೆ ಒಂದು ಮುಖ, ಬೆಳೆಯುವವನಿಗೆ ಇನ್ನೊಂದು ಮುಖ ತೋರಿಸುತ್ತದೆ. ಲಂಕೆಯಲ್ಲಾಗಲಿ ದಿಲ್ಲಿಯಲ್ಲಾಗಲಿ ಈ ನೀತಿ ಬರೆಯುವವರು ಹೆಚ್ಚಾಗಿ ಕೊಳ್ಳುವವರೇ ಎಂಬುದು ನಮ್ಮ ಹಳೆಯ ಗೊಣಗಾಟ, ಅದನ್ನು ಇಲ್ಲಿ ಬೆಳೆಸುವುದಿಲ್ಲ.

ತೆರೆದ ಬಾಗಿಲಿನಿಂದ ಒಂದು ಹೊಸ ಉದ್ಯೋಗವೂ ಹುಟ್ಟಿತು. 1978ರಲ್ಲಿ ಕೊಲಂಬೊ ಹತ್ತಿರ ಕಟುನಾಯಕದಲ್ಲಿ ಮುಕ್ತ ವ್ಯಾಪಾರ ವಲಯ ಮಾಡಿ ಸಿದ್ಧ ಉಡುಪಿನ ಕಾರ್ಖಾನೆಗಳನ್ನು ಕರೆದರು. ಎಂಬತ್ತರ ದಶಕ ಮುಗಿಯುವುದರೊಳಗೆ ಅಂಗಿ, ಲಂಗ, ಒಳ ಉಡುಪುಗಳು ಚಹಾವನ್ನು ಹಿಂದೆ ಹಾಕಿದವು. ಇತ್ತ ಹೊಟ್ಟೆಪಾಡಿಗೆ ಅರಬ್ ದೇಶಗಳಿಗೆ ಹೋದ ಗಂಡಸರು, ಹೆಂಗಸರು ಮನೆಗೆ ಕಳಿಸುವ ಹಣ ಮೂರನೆಯ ಆಧಾರವಾಯಿತು, ಪ್ರವಾಸಿಗರು ನಾಲ್ಕನೆಯದು. 1983ರಿಂದ 2009ರವರೆಗಿನ ಒಳಯುದ್ಧದ ನಡುವೆಯೂ ಇವು ನಡೆದುಕೊಂಡೇ ಬಂದವು.

2024ರ ಲೆಕ್ಕ ನೋಡಿದರೆ ಸರಕಿನ ರಫ್ತು ಸುಮಾರು 1,280 ಕೋಟಿ ಡಾಲರು, ಆಮದು ಸುಮಾರು 1,880 ಕೋಟಿ. ನಡುವಿನ 600 ಕೋಟಿಯ ಹೊಂಡವನ್ನು ಪರದೇಶದಲ್ಲಿ ದುಡಿಯುವವರು ಕಳಿಸಿದ ಸುಮಾರು 660 ಕೋಟಿ, ಪ್ರವಾಸಿಗರು ಬಿಟ್ಟುಹೋದ ಸುಮಾರು 320 ಕೋಟಿ ತುಂಬಿದವು. ಇಷ್ಟು ದೊಡ್ಡ ಲೆಕ್ಕದಲ್ಲಿ ಅಡಿಕೆ, ಕಾಳುಮೆಣಸು ಎಷ್ಟರವು? ಚಿಲ್ಲರೆ ಕಾಸು. ಅವರ ಚಿಲ್ಲರೆ ಕಾಸೇ ನಮ್ಮ ಇಡೀ ಕಿಸೆ ಎಂಬಲ್ಲಿ ತೊಡಕು.

2000ದ ಒಪ್ಪಂದ

ಲಂಕೆಯಿಂದ ಅಡಿಕೆ ಬರುವುದು ನಿನ್ನೆ ಮೊನ್ನೆಯದಲ್ಲ. ಡಚ್ಚರು ಅಲ್ಲಿ ಆಳುತ್ತಿದ್ದಾಗಲೇ ದಾಲ್ಚಿನ್ನಿ, ಆನೆಗಳೊಂದಿಗೆ ಅಡಿಕೆಯೂ ನಮ್ಮ ಪೂರ್ವ ತೀರಕ್ಕೆ ಬರುತ್ತಿತ್ತು. ಸ್ವಾತಂತ್ರ್ಯದ ಹೊತ್ತಿಗೂ ನಾವು ತಿನ್ನುವ ಅಡಿಕೆಯಲ್ಲಿ ಸಿಲೋನ್, ಮಲಯಾಗಳ ಪಾಲು ದೊಡ್ಡದಿತ್ತು. ಆಮದು ತಪ್ಪಿಸಬೇಕೆಂದೇ 1949ರಲ್ಲಿ ಕೇಂದ್ರ ಅಡಿಕೆ ಸಮಿತಿ ಹುಟ್ಟಿತು, 1956ರಲ್ಲಿ ವಿಟ್ಲದ ಸಂಶೋಧನಾ ಕೇಂದ್ರ ಬಂತು. ಬೆಳೆದೆವು, ಸಾಕೆನ್ನುವಷ್ಟು ಬೆಳೆದೆವು. ಆ ಮೇಲೆ ಬೆಳೆದದ್ದನ್ನು ಮಾರುವ ತೊಂದರೆ ಬಂದು 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಬೇಕಾಯಿತು. ಶಿರಸಿಯ ತೋಟಗಾರರ ಸೇಲ್ ಸೊಸೈಟಿಯಂತೂ 1923ರಿಂದ ಇದೆ.

1998ರ ಡಿಸೆಂಬರ್ 28ರಂದು ಭಾರತ, ಶ್ರೀಲಂಕೆಗಳ ನಡುವೆ ಮುಕ್ತ ವ್ಯಾಪಾರದ ಒಪ್ಪಂದಕ್ಕೆ ಸಹಿ ಬಿತ್ತು. 2000ದ ಮಾರ್ಚಿನಿಂದ ಜಾರಿಗೆ ಬಂತು. ಹೊರಗಿನ ಅಡಿಕೆಗೆ ನಮ್ಮಲ್ಲಿ ಶೇಕಡಾ 100ರ ಸುಂಕ, ಲಂಕೆಯಲ್ಲಿ ಬೆಳೆದ ಅಡಿಕೆಗೆ ಸೊನ್ನೆ. ಕಾಳುಮೆಣಸಿಗೆ ಹೊರಗಿನವರಿಗೆ ಶೇಕಡಾ 70, ಲಂಕೆಯದಕ್ಕೆ ಸೊನ್ನೆ. ಚಹಾದ ವಿಷಯದಲ್ಲಿ ಮಾತ್ರ ನಮ್ಮವರು ಎಚ್ಚರಿಕೆಯಿಂದ ವರ್ಷಕ್ಕೆ ಒಂದೂವರೆ ಕೋಟಿ ಕಿಲೋ ಎಂಬ ಮಿತಿ ಹಾಕಿಕೊಂಡರು. ಚಹಾದವರ ದನಿ ದೊಡ್ಡದು, ನಮ್ಮದು ಸಣ್ಣದು.

ಒಪ್ಪಂದದ ಮೊದಲ ವರ್ಷಗಳಲ್ಲಿ ನಡೆದದ್ದು ಓದಲು ತಮಾಷೆಯಾಗಿದೆ. 1999ರಲ್ಲಿ ಲಂಕೆಯಿಂದ ಭಾರತಕ್ಕೆ ಬರುತ್ತಿದ್ದ ಮಾಲು 5 ಕೋಟಿ ಡಾಲರಿನ ಆಸುಪಾಸಿನದು. 2005ಕ್ಕೆ ಅದು 50 ಕೋಟಿ ದಾಟಿತು. ಲಂಕೆ ಒಮ್ಮೆಗೇ ಏನು ಬೆಳೆಯಿತು? ಏನೂ ಇಲ್ಲ. ಹೆಚ್ಚಳದ ದೊಡ್ಡ ಪಾಲು ತಾಮ್ರ ಮತ್ತು ವನಸ್ಪತಿ. ಲಂಕೆಯಲ್ಲಿ ತಾಮ್ರದ ಗಣಿ ಇಲ್ಲ, ವನಸ್ಪತಿಗೆ ಬೇಕಾದ ತಾಳೆಯೆಣ್ಣೆ ಮಲೇಶಿಯಾ, ಇಂಡೋನೇಶಿಯಾಗಳದು. ಹೊರಗಿನಿಂದ ತಾಮ್ರದ ಗುಜರಿ ತಂದು, ಕರಗಿಸಿ, ಅಚ್ಚು ಹೊಯ್ದು ಲಂಕೆಯ ಮಾಲೆಂದು ಇಲ್ಲಿಗೆ ಕಳಿಸುವುದು; ಅಲ್ಲಿ ಕಡಿಮೆ ಸುಂಕಕ್ಕೆ ತಾಳೆಯೆಣ್ಣೆ ಇಳಿಸಿ, ವನಸ್ಪತಿ ಮಾಡಿ ಸುಂಕವಿಲ್ಲದೆ ಇಲ್ಲಿಗೆ ತರುವುದು. ಈ ಕಾರ್ಖಾನೆ ಹೂಡಿದವರಲ್ಲಿ ನಮ್ಮ ದೇಶದ ಬಂಡವಾಳಗಾರರೂ ಇದ್ದರು ಎಂಬುದನ್ನು ಮರೆಯಬಾರದು. 2006ರಲ್ಲಿ ವನಸ್ಪತಿಗೆ ಮಿತಿ ಬಂತು. 2008ರಲ್ಲಿ ಭಾರತವೇ ಕಚ್ಚಾ ತಾಳೆಯೆಣ್ಣೆಯ ಸುಂಕ ತೆಗೆದಾಗ ಆ ವ್ಯಾಪಾರದ ಬುಡವೇ ಕಳಚಿತು. ಯಾಕೆಂದರೆ ಅದರ ಲಾಭ ಎಣ್ಣೆಯಲ್ಲಿ ಇರಲಿಲ್ಲ, ಎರಡು ಸುಂಕಗಳ ನಡುವಿನ ಅಂತರದಲ್ಲಿತ್ತು.

ಈ ಒಂದು ಮಾತು ಹಿಡಿದರೆ ನಮ್ಮ ಮೆಣಸು, ಅಡಿಕೆಯ ಕಥೆಯೂ ಬಿಡಿಸುತ್ತದೆ. ಅದೇ 2006ರಲ್ಲಿ ಸುಂಕವಿಲ್ಲದೆ ಬರುವ ಲಂಕೆಯ ಕಾಳುಮೆಣಸಿಗೆ ವರ್ಷಕ್ಕೆ 2,500 ಟನ್ನಿನ ಮಿತಿ ಹಾಕಿದರು. ಆದರೆ ಅದಕ್ಕೆ ಮೇಲ್ಪಟ್ಟದ್ದೂ ಸಾರ್ಕ್ ದೇಶಗಳ ಇನ್ನೊಂದು ಒಪ್ಪಂದದ ಬಾಗಿಲಿನಿಂದ ಶೇಕಡಾ 8ರ ಸುಂಕಕ್ಕೆ ಬರಬಹುದಿತ್ತು. ವಿಯೆಟ್ನಾಮಿನ ಮೆಣಸಿಗಾದರೋ ಶೇಕಡಾ 50ಕ್ಕೂ ಮೇಲೆ. ಲಂಕೆ ವರ್ಷಕ್ಕೆ ಬೆಳೆಯುವ ಮೆಣಸು ಇಪ್ಪತ್ತು ಸಾವಿರ ಟನ್ನಿನ ಸುತ್ತಮುತ್ತ, ವಿಯೆಟ್ನಾಮಿನದು ಎರಡು ಲಕ್ಷ ಟನ್ನಿನ ಲೆಕ್ಕದ್ದು. ಎಲ್ಲಿಯ ಮೆಣಸು ಯಾವ ಚೀಟಿ ಅಂಟಿಸಿಕೊಂಡು ಬರಲು ಆಸೆಪಡುತ್ತದೆ ಎಂಬುದನ್ನು ಊಹಿಸಲು ಅರ್ಥಶಾಸ್ತ್ರ ಓದಬೇಕಾಗಿಲ್ಲ. ಅಡಿಕೆಯಲ್ಲಿ ಇದೇ ಪಾತ್ರ ಇಂಡೋನೇಶಿಯಾದ ಮಾಲಿನದು. ಒಪ್ಪಂದದ ಪ್ರಕಾರ ಅಡಿಕೆ ಲಂಕೆಯ ನೆಲದಲ್ಲೇ ಬೆಳೆದಿರಬೇಕು, ಅದಕ್ಕೆ ಅಲ್ಲಿಯ ಸರಕಾರದ ಮೂಲಪತ್ರ ಜೊತೆಗಿರಬೇಕು. ಪತ್ರ ನಿಜವೋ ಸುಳ್ಳೋ ಎಂಬುದು ಬಂದರಿನ ಅಧಿಕಾರಿಯ ಕಣ್ಣಿಗೆ ಬಿಟ್ಟದ್ದು. ಅಡಿಕೆಯ ಮೈಮೇಲೆ ಊರಿನ ಹೆಸರು ಬರೆದಿರುವುದಿಲ್ಲ.

ಅಲ್ಲಿಯ ಬೆಳೆಗಾರ

ಇಷ್ಟು ಓದಿ ಲಂಕೆಯವರ ಮೇಲೆ ಸಿಟ್ಟು ಮಾಡಿಕೊಳ್ಳಲು ಹೊರಟಿದ್ದೆವು. ಅಷ್ಟರಲ್ಲಿ ಒಂದು ಸಂಗತಿ ನಮ್ಮನ್ನು ತಡೆಯಿತು. ಲಂಕೆಯ ಮಾತಳೆ, ಕ್ಯಾಂಡಿ, ಕೇಗಾಲೆ ಕಡೆಯ ಸಣ್ಣ ಬೆಳೆಗಾರರೂ ನಮ್ಮ ಹಾಗೆಯೇ ಕೂಗುತ್ತಿದ್ದರು. ಅಲ್ಲಿ ಮೆಣಸಿನ ಬಳ್ಳಿ ದೊಡ್ಡ ಎಸ್ಟೇಟಿನದಲ್ಲ, ಮನೆಯ ಹಿತ್ತಲಿನದು, ನಮ್ಮಲ್ಲಿ ಕುಣಬಿ ಬಂಧುಗಳ ಹಿತ್ತಲಿನಲ್ಲಿ ಇರುವಂತೆ. ಅವರು ಕಾಳುಮೆಣಸಿಗೆ ಭಾರತವೇ ದೊಡ್ಡ ಗಿರಾಕಿ. ಮರುರಫ್ತಿನ ಹೆಸರಿನಲ್ಲಿ ಹೊರಗಿನ ಮಾಲು ಕೊಲಂಬೊದಲ್ಲಿ ಇಳಿದು, ಚೀಲ ಬದಲಿಸಿ ಭಾರತಕ್ಕೆ ಹೊರಟಾಗ ಅವರ ಮೆಣಸಿನ ಧಾರಣೆಯೂ ಬಿತ್ತು, ಅವರ ಮಾಲಿನ ಹೆಸರೂ ಕೆಟ್ಟಿತು. ಗದ್ದಲ ಅಲ್ಲಿಯ ರಾಜಕೀಯಕ್ಕೂ ಮುಟ್ಟಿ, 2019ರ ಕೊನೆಗೆ ಕಾಳುಮೆಣಸು, ಅಡಿಕೆ, ಹುಣಸೆ ಮುಂತಾದವನ್ನು ಮರುರಫ್ತಿಗೆಂದು ಆಮದು ಮಾಡುವುದನ್ನು ಅಲ್ಲಿಯ ಸರಕಾರ ನಿಷೇಧಿಸಿತು.

ಹಾಗಾದರೆ ನಮ್ಮ ಅಡಿಕೆಯ ಧಾರಣೆ ಕೆಡಿಸಿದವರು ಕೇಗಾಲೆಯ ಅಡಿಕೆ ತೋಟದವರಲ್ಲ. ಅವನೂ ನಾವೂ ಒಂದೇ ಕಡೆ ನಿಂತವರು. ನಡುವೆ ಚೀಟಿ ಬದಲಿಸುವವನೊಬ್ಬನಿದ್ದಾನೆ, ಅವನು ಆ ದಡದಲ್ಲೂ ಇದ್ದಾನೆ, ಈ ದಡದಲ್ಲೂ ಇದ್ದಾನೆ. ಈ ದಡದವನು ನಮ್ಮ ಮಾತೃಭಾಷೆಯನ್ನೇ ಆಡುವವನಿರಲೂಬಹುದು.

ಕನಿಷ್ಠ ಆಮದು ಬೆಲೆಯ ಲೆಕ್ಕ

ಸರಕಾರ ಸುಮ್ಮನೆ ಕುಳಿತಿಲ್ಲ. ಅಡಿಕೆಗೆ ಕನಿಷ್ಠ ಆಮದು ಬೆಲೆಯನ್ನು 2017ರ ಜನವರಿಯಲ್ಲಿ ಕಿಲೋಗೆ 251 ರೂಪಾಯಿ, 2023ರ ಫೆಬ್ರವರಿಯಲ್ಲಿ 351 ರೂಪಾಯಿ ಮಾಡಿತು. ಕಾಳುಮೆಣಸಿಗೆ 2017ರ ಡಿಸೆಂಬರಿನಲ್ಲಿ 500 ರೂಪಾಯಿ ಗೊತ್ತುಪಡಿಸಿತು. ಮಾಲಿನ ಬೆಲೆ, ವಿಮೆ, ಹಡಗಿನ ಬಾಡಿಗೆ ಎಲ್ಲ ಸೇರಿ ಇದಕ್ಕಿಂತ ಕಡಿಮೆಯ ಮಾಲು ಒಳಗೆ ಬರಕೂಡದು. ಹುರಿದ ಅಡಿಕೆ ಬೇರೆ ಜಾತಿಯ ಸರಕೆಂದು ಹೇಳಿ ಈ ಬೇಲಿ ನುಸಿಯುತ್ತಿದ್ದುದರಿಂದ 2025ರ ಏಪ್ರಿಲಿನಲ್ಲಿ ಅದಕ್ಕೂ ಇದೇ ಬೆಲೆ ಹಾಕಿತು.

ಆದರೂ ಮಾಲು ಬರುವುದು ಹೇಗೆ ಎಂದು ಸದಸ್ಯರು ಕೇಳುತ್ತಾರೆ. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಹೊರಗೆ ಕಿಲೋಗೆ 150 ರೂಪಾಯಿಗೆ ಸಿಗುವ ಅಡಿಕೆ ಇದೆ ಎಂದಿಟ್ಟುಕೊಳ್ಳಿ. ತರುವವನು ಬಿಲ್ಲಿನಲ್ಲಿ 351 ಎಂದು ಬರೆಸುತ್ತಾನೆ. ಮಾಲು ಸಾಮಾನ್ಯ ದಾರಿಯಲ್ಲಿ ಬಂದರೆ ಆ 351ರ ಮೇಲೆ ಶೇಕಡಾ 100 ಸುಂಕ, ಅಂದರೆ ಇನ್ನೊಂದು 351 ಕಟ್ಟಬೇಕು. ಸುಳ್ಳು ಬರೆದಷ್ಟೂ ಕೈ ಸುಡುತ್ತದೆ. ಅದೇ ಮಾಲಿಗೆ ಸುಂಕವಿಲ್ಲದ ದೇಶದ ಮೂಲಪತ್ರ ಸಿಕ್ಕರೆ? ಶೇಕಡಾ 5ರ ಜಿಎಸ್‌ಟಿ ಬಿಟ್ಟರೆ ಸುಳ್ಳಿಗೆ ಖರ್ಚೇ ಇಲ್ಲ. ಬಿಲ್ಲಿನಲ್ಲಿ ಹೆಚ್ಚಾಗಿ ಕಳಿಸಿದ 201 ರೂಪಾಯಿ ಇನ್ನೊಂದು ಕಳ್ಳದಾರಿಯಲ್ಲಿ ಹಿಂದಿರುಗಿ ಬರಬಹುದು. ಕನಿಷ್ಠ ಬೆಲೆ ಎಂಬ ಬೇಲಿ ಸುಂಕ ಎಂಬ ಗೂಟದ ಮೇಲೆ ನಿಂತದ್ದು, ಗೂಟ ಕಿತ್ತಲ್ಲಿ ಬೇಲಿ ಮಲಗುತ್ತದೆ. ಆದ್ದರಿಂದ 351ನ್ನು 400 ಮಾಡಿ, 450 ಮಾಡಿ ಎಂದು ಪ್ರತಿ ಸಭೆಯಲ್ಲೂ ಠರಾವು ಹಾಕುವುದಕ್ಕಿಂತ ಮೂಲಪತ್ರದ ತನಿಖೆಯನ್ನು ಬಿಗಿ ಮಾಡಿ ಎಂದು ಕೇಳುವುದೇ ಮೇಲೆಂದು ನಮ್ಮ ಅಭಿಪ್ರಾಯ. ಅದಕ್ಕೆ ಕಾನೂನಿನ ಹಿಡಿಕೆಯೂ ಇದೆ. 2020ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ನಿಯಮದಂತೆ ಪತ್ರವೊಂದನ್ನು ತೋರಿಸಿದರೆ ಸಾಲದು, ಮಾಲು ಎಲ್ಲಿ ಹುಟ್ಟಿತೆಂಬ ವಿವರವನ್ನು ಆಮದುದಾರನೇ ಇಟ್ಟುಕೊಂಡಿರಬೇಕು, ಕೇಳಿದಾಗ ಕೊಡಬೇಕು.

ಇಂಥ ಮಾಲು ಹೆಚ್ಚಾಗಿ ಹೋಗುವುದು ನಾಗಪುರ, ದಿಲ್ಲಿ ಕಡೆಯ ಪಾನ್ ಮಸಾಲೆಯವರಿಗೆ. ನಮ್ಮ ಕಡೆಯ ಗೋಟು, ಕೋಕಾ ಮುಂತಾದ ಕೆಳದರ್ಜೆಯ ಮಾಲಿಗೆ ಪೆಟ್ಟು ಮೊದಲು ಬೀಳುತ್ತದೆ. ಒಳ್ಳೆಯ ಚಾಲಿಗೂ ರಾಶಿಗೂ ತಡವಾಗಿ ತಾಗುತ್ತದೆ. 2019ರಲ್ಲಿ ‘ಶಿರಸಿ ಸುಪಾರಿ’ಗೆ ಭೌಗೋಳಿಕ ಗುರುತು ಸಿಕ್ಕಿದ್ದು ಈ ದೃಷ್ಟಿಯಿಂದ ಉಪಕಾರಿ, ಆದರೆ ಅಡಿಕೆ ಪುಡಿಯಾಗಿ ಪೊಟ್ಟಣ ಸೇರಿದ ಮೇಲೆ ಗುರುತನ್ನು ಯಾರು ನೋಡುತ್ತಾರೆ ಎಂಬುದೂ ಇದೆ.

ಡಾಲರು ಬರಿದಾದ ವರ್ಷ

2019ರ ಕೊನೆಗೆ ಲಂಕೆಯ ಖಜಾನೆಯಲ್ಲಿ 760 ಕೋಟಿ ಡಾಲರಿನಷ್ಟು ವಿದೇಶೀ ವಿನಿಮಯ ಇತ್ತು. ಆ ವರ್ಷ ಏಪ್ರಿಲಿನ ಈಸ್ಟರ್ ಬಾಂಬುಗಳಿಂದ ಪ್ರವಾಸಿಗರು ಓಡಿದ್ದರು, ಮರುವರ್ಷ ಕೊರೋನಾ ಬಂದು ಪೂರ್ತಿ ನಿಂತರು. ತೆರಿಗೆಯನ್ನು ಇಳಿಸಿ ಸರಕಾರ ತನ್ನ ಬೊಕ್ಕಸವನ್ನೂ ಬತ್ತಿಸಿಕೊಂಡಿತ್ತು. ಡಾಲರು ಉಳಿಸಲು ವಾಹನದ ಆಮದು ನಿಲ್ಲಿಸಿದರು, ಅರಿಶಿನದ ಆಮದನ್ನೂ ನಿಲ್ಲಿಸಿದರು. ಅರಿಶಿನವಿಲ್ಲದ ಅಡುಗೆ ಅಲ್ಲಿಯೂ ಇಲ್ಲ. ಬೆಲೆ ಗಗನಕ್ಕೇರಿ, ರಾಮೇಶ್ವರದ ಕಡೆಯಿಂದ ದೋಣಿಗಳಲ್ಲಿ ಅರಿಶಿನದ ಮೂಟೆಗಳು ರಾತ್ರೋರಾತ್ರಿ ದಾಟತೊಡಗಿದವು. ಕಳ್ಳಮಾಲು ಯಾವಾಗಲೂ ಆ ಕಡೆಯಿಂದ ಈ ಕಡೆಗೇ ಬರುತ್ತದೆಂದು ತಿಳಿಯಬೇಡಿ.

2021ರ ಏಪ್ರಿಲಿನಲ್ಲಿ ರಾಸಾಯನಿಕ ಗೊಬ್ಬರವನ್ನು ಒಂದೇಟಿಗೆ ನಿಲ್ಲಿಸಿ ಇಡೀ ದೇಶ ಸಾವಯವವೆಂದು ಸಾರಿದರು. ನಾವು ಸೊಪ್ಪಿನ ಬೆಟ್ಟ ಇಟ್ಟುಕೊಂಡವರು, ಸೊಪ್ಪು, ಸಗಣಿಯ ಬೆಲೆ ಗೊತ್ತಿದ್ದವರು. ಆದ್ದರಿಂದಲೇ ಹೇಳುತ್ತೇವೆ, ಒಂದು ಎಕರೆ ತೋಟಕ್ಕೆ ಬೇಕಾದ ಸೊಪ್ಪನ್ನು ಕೂಡಿಸಲು ಎಷ್ಟು ಬೆಟ್ಟ, ಎಷ್ಟು ಕೈ, ಎಷ್ಟು ವರ್ಷ ಬೇಕೆಂದು ಆ ಆಜ್ಞೆ ಬರೆದವರು ಯಾವ ರೈತನನ್ನೂ ಕೇಳಿದಂತಿಲ್ಲ. ನವೆಂಬರಿನಲ್ಲಿ ಆಜ್ಞೆ ಹಿಂತೆಗೆದರು. ಅಷ್ಟರಲ್ಲಿ ಭತ್ತ ಸೊರಗಿತ್ತು. 2021ರಲ್ಲಿ ಸುಮಾರು 30 ಕೋಟಿ ಕಿಲೋ ಇದ್ದ ಚಹಾ 2022ಕ್ಕೆ 25 ಕೋಟಿಗೆ ಇಳಿಯಿತು. ಗೊಬ್ಬರಕ್ಕೆ ಹೋಗುವ ಡಾಲರು ಉಳಿಸಲು ಹೋಗಿ ಚಹಾ ತರುವ ಡಾಲರನ್ನು ಕಳೆದುಕೊಂಡರು, ಮೇಲೆ ಅಕ್ಕಿಯನ್ನೂ ತರಿಸಬೇಕಾಯಿತು.

2022ರ ಏಪ್ರಿಲ್ 12ರಂದು ವಿದೇಶೀ ಸಾಲ ತೀರಿಸಲಾರೆವೆಂದು ಲಂಕೆ ಕೈಚೆಲ್ಲಿತು. ಡಾಲರಿಗೆ 200ರಷ್ಟಿದ್ದ ಅವರ ರೂಪಾಯಿ ಕೆಲವೇ ವಾರಗಳಲ್ಲಿ 360ಕ್ಕೆ ಬಿತ್ತು. ಪೆಟ್ರೋಲಿಗೆ ದಿನಗಟ್ಟಲೆ ಸಾಲು. ಜುಲೈಯಲ್ಲಿ ಅಧ್ಯಕ್ಷರೇ ದೇಶ ಬಿಟ್ಟು ಹೋದರು. ಭಾರತ ಆ ವರ್ಷ ಎಣ್ಣೆ, ಔಷಧ, ಆಹಾರಕ್ಕೆಂದು ಒಟ್ಟು 400 ಕೋಟಿ ಡಾಲರಿನಷ್ಟು ನೆರವಾಯಿತು. 2023ರ ಮಾರ್ಚಿನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ಸುಮಾರು 300 ಕೋಟಿಯ ಕಾರ್ಯಕ್ರಮಕ್ಕೆ ಒಪ್ಪಿದ ಮೇಲೆ ಮನೆ ನಿಧಾನವಾಗಿ ಒಂದು ಹದಕ್ಕೆ ಬಂತು. 2025ರ ಫೆಬ್ರವರಿಯಲ್ಲಿ ವಾಹನದ ಆಮದನ್ನೂ ಮತ್ತೆ ತೆರೆದರು. ಅದೇ ವರ್ಷ ಏಪ್ರಿಲಿನಲ್ಲಿ ಅಮೆರಿಕ ಲಂಕೆಯ ಮಾಲಿನ ಮೇಲೆ ಶೇಕಡಾ 44 ಸುಂಕ ಸಾರಿದಾಗ ಉಡುಪಿನ ಕಾರ್ಖಾನೆಗಳ ಎದೆ ಒಡೆಯಿತು, ಆಗಸ್ಟಿಗೆ ಅದು 20ಕ್ಕೆ ಇಳಿದು ಉಸಿರು ಬಂತು. ಅವರ ರಫ್ತಿನ ಕಾಲುಭಾಗದಷ್ಟು ಅಮೆರಿಕಕ್ಕೇ ಹೋಗುತ್ತಿತ್ತು. ಚಹಾದ ನಂತರ ಅಂಗಿ, ಆದರೆ ಜೋತುಬೀಳುವ ಕೊಂಬೆ ಮಾತ್ರ ಮತ್ತೆ ಒಂದೆರಡೇ.

ನಮಗೆ ಇದರಲ್ಲಿ ನೋಡಬೇಕಾದದ್ದು ಆ 200, 360ರ ಲೆಕ್ಕ. ಲಂಕೆಯ ರೂಪಾಯಿ ಹಾಗೆ ಬಿದ್ದಾಗ ಅಲ್ಲಿಯ ಅಡಿಕೆ ಡಾಲರಿನ ಲೆಕ್ಕದಲ್ಲಿ ಅಗ್ಗವಾಗುತ್ತದೆ, ಹೊರಗೆ ಮಾರಿದವನಿಗೆ ಕೈತುಂಬ ಅವರ ರೂಪಾಯಿ ಸಿಗುತ್ತದೆ. ಡಾಲರಿಗಾಗಿ ಬಾಯಿಬಿಡುವ ಸರಕಾರವೂ ಹೊರಡುವ ಮಾಲಿನ ಚೀಟಿಯನ್ನು ಬಹಳ ಕೆದಕಿ ನೋಡುವುದಿಲ್ಲ. ದ್ವೀಪ ಸುಖವಾಗಿದ್ದರೆ ನಮ್ಮ ಅಡಿಕೆಗೆ ಕ್ಷೇಮ. ಕೊಲಂಬೊದಲ್ಲಿ ಪೆಟ್ರೋಲಿಗೆ ಸಾಲು ನಿಂತರೆ ನಾವು ಕಿವಿ ನಿಮಿರಿಸಬೇಕು.

ಕಾಫಿಯವರಿಗೆ ಇನ್ನೊಂದು ಸಂಬಂಧ. ನವಮಂಗಳೂರು ಬಂದರಿನಿಂದ ಯುರೋಪಿಗೆ ಹೊರಡುವ ಕಾಫಿಯ ಕಂಟೈನರುಗಳಲ್ಲಿ ಹಲವು ಕೊಲಂಬೊದಲ್ಲಿ ಇಳಿದು ದೊಡ್ಡ ಹಡಗು ಹತ್ತುತ್ತವೆ. ಕೊಲಂಬೊ ಬಂದರಿನ ಇಂಥ ಹಡಗು ಬದಲಾಯಿಸುವ ಕೆಲಸದ ಬಹುಪಾಲು ಭಾರತದ ಮಾಲಿನದೇ. ಅಲ್ಲಿ ನೂಕುನುಗ್ಗಲಾದರೆ ಇಲ್ಲಿಯ ವ್ಯಾಪಾರಿ ‘ಹಡಗಿಲ್ಲ’ ಎಂದು ದರದಲ್ಲಿ ಮುರಿದುಕೊಳ್ಳುತ್ತಾನೆ. 2025ರ ಮೇ ತಿಂಗಳಲ್ಲಿ ಕೇರಳದ ವಿಳಿಞ್ಞಂ ಬಂದರು ಉದ್ಘಾಟನೆಯಾದದ್ದು ಈ ಕೆಲಸದಲ್ಲಿ ಪಾಲು ಪಡೆಯಲಿಕ್ಕೇ.

ಇನ್ನು ಮೊದಲಿನ ಮಾತಿಗೆ ಬರೋಣ. ಮುಂದಿನ ಸಲ ಲಂಕೆಯ ಮಾಲು ಬಂತೆಂದು ಯಾರಾದರೂ ಹೇಳಿದರೆ ನಾವು ಕೇಳುವ ಪ್ರಶ್ನೆ ಮೂರು: ಯಾವ ಬಂದರಿಗೆ ಬಂತು, ಎಷ್ಟು ಟನ್ ಬಂತು, ಬಿಲ್ಲಿನಲ್ಲಿ ಕಿಲೋಗೆ ಎಷ್ಟೆಂದು ಬರೆದಿದೆ? ಪ್ರತಿ ತಿಂಗಳ ಆಮದಿನ ಅಂಕಿ ಕೇಂದ್ರ ವಾಣಿಜ್ಯ ಇಲಾಖೆಯಿಂದ ಹೊರಬೀಳುತ್ತದೆ, ದೇಶವಾರು ಸಿಗುತ್ತದೆ. ಅದನ್ನು ತೆಗೆದು ಸಂಘದ ಕಚೇರಿಯ ಫಲಕದ ಮೇಲೆ ಧಾರಣೆಯ ಪಕ್ಕದಲ್ಲೇ ಬರೆಸಬೇಕೆಂದು ನಾವು ಆಡಳಿತ ಮಂಡಳಿಗೆ ಅರ್ಜಿ ಕೊಟ್ಟಿದ್ದೇವೆ. ಫಲಕಕ್ಕೆ ಬಣ್ಣ ಹೊಡೆಯುವ ಖರ್ಚು ಯಾರದೆಂಬ ಚರ್ಚೆ ನಡೆದಿದೆ. ಅದು ಮುಗಿಯುವವರೆಗೆ ನಮ್ಮ ಮನೆಯ ಚೀಲಗಳು ಅಟ್ಟದಲ್ಲೇ ಇರುತ್ತವೆ.